ಗೇರ್ ಆಯಿಲ್ ಹನಿ ಹನಿ ಸೋರ್ತಿದೆ, ಕೊಯ್ಲು ಮುಗಿಯೋ ತನಕ ಗಾಡಿ ಓಡಿಸಬಹುದಾ?

ಕೊಯ್ಲಿನ ಕಾಲದಲ್ಲಿ ನಮ್ಮ ಕಡೆ ಗಾಡಿಗೆ ರಜೆ ಅನ್ನೋದೇ ಇಲ್ಲ. ನವೆಂಬರ್‌ನಲ್ಲಿ ಅರೇಬಿಕಾ ಹಣ್ಣು ಶುರುವಾದರೆ ಜನವರಿ ತನಕ, ಅದು ಮುಗಿಯುವ ಹೊತ್ತಿಗೆ ರೋಬಸ್ಟಾ, ಅದರ ಬೆನ್ನಿಗೆ ಕಾಳುಮೆಣಸು. ಬೆಳಿಗ್ಗೆ ಕೆಲಸದವರು ಬರಬೇಕು, ಸಂಜೆ ಹಣ್ಣಿನ ಚೀಲ ಪಲ್ಪರ್ ಮನೆಗೆ ಸೇರಬೇಕು, ಒಣಗಿದ್ದು ಕ್ಯೂರಿಂಗಿಗೆ ಹೋಗಬೇಕು. ಇಂಥ ಹೊತ್ತಿನಲ್ಲೇ ಗಾಡಿ ನಿಂತಿದ್ದ ಜಾಗದಲ್ಲಿ ಅಂಗೈ ಅಗಲದ ಎಣ್ಣೆ ಕಲೆ ಕಾಣಿಸುತ್ತದೆ. ಗ್ಯಾರೇಜಿಗೆ ಬಿಟ್ಟರೆ ಎರಡು ದಿನ ಕೆಲಸ ನಿಲ್ಲುತ್ತದೆ. ಬಿಡದೇ ಇದ್ದರೆ ಗೇರ್‌ಬಾಕ್ಸೇ ಹೋದರೆ ಅನ್ನೋ ಹೆದರಿಕೆ.

ನಾನು ವಸ್ತಾರೆ ಹೋಬಳಿಯ ಸಣ್ಣ ಬೆಳೆಗಾರ. ಮನೆಯಲ್ಲಿ ಒಂದು ಹಳೇ ಫೋರ್ ವೀಲ್ ಜೀಪು, ಒಂದು ಟ್ರ್ಯಾಕ್ಟರ್ ಇವೆ. ಈ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಎಷ್ಟು ಸೋರುತ್ತಿದೆ, ಒಳಗೆ ಎಷ್ಟು ಉಳಿದಿದೆ ಅನ್ನೋ ಅಳತೆ ನಿಮ್ಮ ಕೈಯಲ್ಲಿದ್ದರೆ ನಿಧಾನದ ಸೋರಿಕೆಯಲ್ಲಿ ಕೆಲವು ದಿನ ಓಡಿಸಬಹುದು. ಅಳತೆ ಇಲ್ಲದೇ ಒಂದು ದಿನವೂ ಓಡಿಸಬಾರದು. ಎಣ್ಣೆ ಬ್ರೇಕಿಗೋ ಕ್ಲಚ್ಚಿಗೋ ಇಳಿಯುತ್ತಿದ್ದರೆ, ಅಳತೆ ಇದ್ದರೂ ಓಡಿಸಬಾರದು. ಯಾಕೆ, ಹೇಗೆ ಅಂತ ಒಂದೊಂದಾಗಿ ನೋಡೋಣ.

ಸೋರ್ತಿರೋದು ಯಾವ ಎಣ್ಣೆ?

ಗಾಡಿಯ ಅಡಿಯಿಂದ ಬೀಳುವುದೆಲ್ಲ ಗೇರ್ ಆಯಿಲ್ ಅಲ್ಲ. ಬಿಳಿ ಕಾಗದದ ಮೇಲೆ ಎರಡು ಹನಿ ಹಿಡಿದು ಬೆಳಕಿಗೆ ನೋಡಿ, ಮೂಸಿ.

ಎಂಜಿನ್ ಆಯಿಲ್ ಕಪ್ಪಗಿರುತ್ತದೆ, ಡೀಸೆಲ್ ಗಾಡಿಯಲ್ಲಂತೂ ಮಸಿಯ ಹಾಗೆ. ಗೇರ್ ಆಯಿಲ್ ದಪ್ಪ, ಜೇನಿನ ಬಣ್ಣದಿಂದ ಕಂದು ಬಣ್ಣದ ತನಕ ಇರುತ್ತದೆ. ಅದಕ್ಕೆ ಗಂಧಕದ ಒಂದು ಗಾಢ ವಾಸನೆ ಉಂಟು. ಒಮ್ಮೆ ಮೂಸಿದವರು ಮರೆಯುವುದಿಲ್ಲ. ಆಟೊಮ್ಯಾಟಿಕ್ ಕಾರಿನ ಎಣ್ಣೆ ಹೆಚ್ಚಾಗಿ ಕೆಂಪು, ತೆಳು. ಪವರ್ ಸ್ಟಿಯರಿಂಗಿನ ಎಣ್ಣೆಯೂ ಎಷ್ಟೋ ಗಾಡಿಗಳಲ್ಲಿ ಅದೇ ಬಣ್ಣದ್ದು, ಹಾಗಾಗಿ ಎಲ್ಲಿಂದ ಬೀಳುತ್ತಿದೆ ಅಂತಲೂ ನೋಡಬೇಕು. ಬ್ರೇಕ್ ಆಯಿಲ್ ತೆಳ್ಳಗೆ, ತಿಳಿ ಹಳದಿ, ನೀರು ಹಾಕಿದರೆ ತೊಳೆದು ಹೋಗುತ್ತದೆ. ಚಕ್ರದ ಒಳಬದಿಯಲ್ಲಿ ಅಥವಾ ಪೆಡಲ್ ಹತ್ತಿರ ಇಂಥದ್ದು ಕಂಡರೆ ಈ ಲೇಖನ ಅಲ್ಲಿಗೇ ಬಿಡಿ, ಗಾಡಿ ಅಲುಗಿಸಬೇಡಿ, ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ.

ಇನ್ನೊಂದು ಮಾತು. ಫೋರ್ ವೀಲ್ ಜೀಪಿನಲ್ಲಿ ಗೇರ್ ಆಯಿಲ್ ಇರುವುದು ಒಂದೇ ಜಾಗದಲ್ಲಲ್ಲ. ಗೇರ್‌ಬಾಕ್ಸ್, ಅದರ ಹಿಂದೆ ಟ್ರಾನ್ಸ್‌ಫರ್ ಕೇಸ್, ಮುಂದಿನ ಕ್ರೌನ್, ಹಿಂದಿನ ಕ್ರೌನ್ ಹೀಗೆ ನಾಲ್ಕು ಕಡೆ ಇದೆ. ಒಂದು ತುಂಬಿದ್ದರೆ ಉಳಿದವೂ ತುಂಬಿವೆ ಅಂತ ಲೆಕ್ಕ ಹಿಡಿಯಬೇಡಿ.

ರಟ್ಟು ಹಾಸಿ, ಫೋಟೊ ತೆಗೆಯಿರಿ

ಸಂಜೆ ಗಾಡಿ ನಿಲ್ಲಿಸಿದ ಮೇಲೆ ಗೇರ್‌ಬಾಕ್ಸಿನಿಂದ ಹಿಂದಿನ ಕ್ರೌನ್ ತನಕ ಅಡಿಗೆ ರಟ್ಟು ಹಾಸಿ. ಮುಂದಿನ ಚಕ್ರ ಎಲ್ಲಿ ಬರುತ್ತದೆ ಅಂತ ಪೆನ್ನಿನಲ್ಲಿ ಗುರುತು ಮಾಡಿ. ಬೆಳಿಗ್ಗೆ ರಟ್ಟಿನ ಫೋಟೊ ತೆಗೆಯಿರಿ, ಜೊತೆಗೆ ಕಿಲೋಮೀಟರ್ ಮೀಟರಿನದೂ ಒಂದು ಫೋಟೊ. ಮೂರು ದಿನ ಹೀಗೆ ಮಾಡಿದರೆ ಎಲ್ಲಿಂದ, ಎಷ್ಟು, ಜಾಸ್ತಿ ಆಗ್ತಿದೆಯಾ ಅನ್ನೋ ಮೂರಕ್ಕೂ ಉತ್ತರ ಸಿಗುತ್ತದೆ. ಮೆಕ್ಯಾನಿಕ್ಕಿಗೆ ಫೋನಿನಲ್ಲಿ ಹತ್ತು ನಿಮಿಷ ವಿವರಿಸುವುದಕ್ಕಿಂತ ಈ ಫೋಟೊ ಕಳಿಸಿದರೆ ಅವರಿಗೆ ಬೇಗ ಅರ್ಥವಾಗುತ್ತದೆ.

ಹನಿಯ ಲೆಕ್ಕ ಒಂದು ನೋಡಿ. ಇಪ್ಪತ್ತು, ಇಪ್ಪತ್ತೈದು ಹನಿ ಸೇರಿದರೆ ಹೆಚ್ಚುಕಡಿಮೆ ಒಂದು ಮಿಲಿ. ನಿಮಿಷಕ್ಕೊಂದು ಹನಿ ಬಿದ್ದರೆ ದಿನಕ್ಕೆ 1,440 ಹನಿ, ಅಂದರೆ ಸುಮಾರು 60–70 ಮಿಲಿ. ಸಾಮಾನ್ಯ ಜೀಪು, ಪಿಕಪ್ಪಿನ ಗೇರ್‌ಬಾಕ್ಸ್ ಹಿಡಿಯುವುದು ಒಂದೂವರೆಯಿಂದ ಎರಡೂವರೆ ಲೀಟರ್. ನಿಮಿಷಕ್ಕೊಂದು ಹನಿಯಾದರೆ ಎಂಟು ದಿನದಲ್ಲಿ ಅರ್ಧ ಲೀಟರ್ ಖಾಲಿ. ಹತ್ತು ನಿಮಿಷಕ್ಕೊಂದು ಹನಿಯಾದರೆ ಅದೇ ಅರ್ಧ ಲೀಟರ್ ಹೋಗೋಕೆ ಎರಡೂವರೆ ತಿಂಗಳು ಬೇಕು. ನೆಲದ ಮೇಲಿನ ಕಲೆ ಎರಡರಲ್ಲೂ ನೋಡೋಕೆ ಒಂದೇ ಥರ ಇರಬಹುದು.

ಇದು ನಿಂತ ಗಾಡಿಯ ಲೆಕ್ಕ. ಓಡುವಾಗ ಎಣ್ಣೆ ಬಿಸಿಯಾಗಿ ತೆಳುವಾಗುತ್ತದೆ, ಗೇರುಗಳು ಅದನ್ನು ಎಲ್ಲ ಕಡೆ ಎರಚುತ್ತವೆ, ಸೋರಿಕೆಯೂ ಹೆಚ್ಚುತ್ತದೆ. ಅದಕ್ಕೇ ರಟ್ಟು ನಂಬಿ ಕೂರಬೇಡಿ, ಒಳಗಿನ ಮಟ್ಟ ನೋಡಲೇಬೇಕು.

ಮಟ್ಟ ನೋಡೋದು ಹೇಗೆ?

ಹೆಚ್ಚಿನ ಮ್ಯಾನ್ಯುಯಲ್ ಗೇರ್‌ಬಾಕ್ಸಿಗೆ ಅಳತೆ ಕಡ್ಡಿ ಇರುವುದಿಲ್ಲ. ಬದಿಯಲ್ಲಿ ಒಂದು ಫಿಲ್ಲರ್ ನಟ್ಟು ಇರುತ್ತದೆ, ಅಡಿಯಲ್ಲಿ ಡ್ರೈನ್ ನಟ್ಟು. ಗಾಡಿಯನ್ನು ಸಮತಟ್ಟಿನಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಚಕ್ರಕ್ಕೆ ಕಲ್ಲು ಕೊಡಿ. ಜಾಕ್ ಒಂದನ್ನೇ ನಂಬಿ ಅಡಿಗೆ ನುಗ್ಗಬೇಡಿ. ಜೀಪಿನಲ್ಲಾದರೆ ಜಾಕ್ ಇಲ್ಲದೆಯೂ ಕೈ ಹೋಗುತ್ತದೆ.

ಫಿಲ್ಲರ್ ನಟ್ಟಿನ ಸುತ್ತ ಮಣ್ಣು ಒರೆಸಿ ಬಿಚ್ಚಿ. ಎಣ್ಣೆ ಆ ತೂತಿನ ಕೆಳಗಿನ ಅಂಚಿನ ಮಟ್ಟಕ್ಕಿರಬೇಕು. ಬೆರಳು ಒಳಗೆ ಹಾಕಿ ಕೆಳಕ್ಕೆ ಬಗ್ಗಿಸಿದರೆ ತುದಿಗೆ ಎಣ್ಣೆ ತಾಗಬೇಕು. ತಾಗದಿದ್ದರೆ ತೂತಿನಲ್ಲಿ ಹೊರಗೆ ಇಳಿಯುವ ತನಕ ತುಂಬಿ. ಎಷ್ಟು ಹಿಡಿಯಿತು ಅನ್ನೋದನ್ನು ಅಳತೆ ಗೆರೆ ಇರುವ ಬಾಟಲಿಯಲ್ಲೇ ನೋಡಿ, ದಿನಾಂಕ ಹಾಕಿ ಬರೆದಿಡಿ. ಈ ಒಂದು ಅಂಕಿಯೇ ನಿಮ್ಮ ನಿಜವಾದ ಅಳತೆ.

ಎಣ್ಣೆ ಬದಲಿಸುವವರಿಗೆ ಒಂದು ಕಿವಿಮಾತು. ಮೊದಲು ಫಿಲ್ಲರ್ ನಟ್ಟು ಬಿಚ್ಚುತ್ತದೆಯಾ ನೋಡಿಕೊಳ್ಳಿ, ಆಮೇಲೆ ಡ್ರೈನ್ ನಟ್ಟಿಗೆ ಕೈ ಹಾಕಿ. ಕೆಳಗಿಂದ ಎಣ್ಣೆ ಬಿಟ್ಟ ಮೇಲೆ ಮೇಲಿನ ನಟ್ಟು ಹಿಡಿದುಕೊಂಡಿದೆ ಅಂತ ಗೊತ್ತಾದರೆ ಗಾಡಿ ಅಲ್ಲೇ ಕೂತಂತೆ.

ಯಾವ ಎಣ್ಣೆ ಅನ್ನೋದಕ್ಕೆ ಗಾಡಿಯ ಮ್ಯಾನ್ಯುಯಲ್ ನೋಡಿ, ಎಷ್ಟೋ ಕಂಪನಿಗಳದ್ದು ಫೋನಿನಲ್ಲೇ ಸಿಗುತ್ತದೆ. 80ಡಬ್ಲ್ಯೂ-90 ಅಂತ ಒಂದೇ ಅಂಕಿ ಇದ್ದರೂ ಜಿಎಲ್-4 ಬೇರೆ, ಜಿಎಲ್-5 ಬೇರೆ. ಕ್ರೌನಿಗೆ ಸಾಮಾನ್ಯವಾಗಿ ಜಿಎಲ್-5 ಬೇಕು. ಅದೇ ಎಣ್ಣೆಯನ್ನು ಜಿಎಲ್-4 ಕೇಳುವ ಗೇರ್‌ಬಾಕ್ಸಿಗೆ ಹಾಕಿದರೆ ಒಳಗಿನ ಹಿತ್ತಾಳೆಯ ಸಿಂಕ್ರೋ ರಿಂಗುಗಳಿಗೆ ಆಗಿಬರದೇ ಇರಬಹುದು.

ಗುಡ್ಡದ ಗಾಡಿಗೆ ಲೆಕ್ಕವೇ ಬೇರೆ

ಬಯಲುಸೀಮೆಯಲ್ಲಿ ಅರ್ಧ ಲೀಟರ್ ಕಮ್ಮಿ ಇದ್ದ ಗಾಡಿ ಹೇಗೋ ಓಡಿಕೊಂಡು ಹೋಗಬಹುದು. ಮೂಡಿಗೆರೆ, ಕಳಸದ ಏರಿನಲ್ಲಿ ಹಾಗಾಗುವುದಿಲ್ಲ. ಮ್ಯಾನ್ಯುಯಲ್ ಗೇರ್‌ಬಾಕ್ಸುಗಳಲ್ಲಿ ಎಣ್ಣೆಗೆ ಹೆಚ್ಚಾಗಿ ಪಂಪು ಇರುವುದಿಲ್ಲ. ಅಡಿಯಲ್ಲಿ ನಿಂತ ಎಣ್ಣೆಯಲ್ಲಿ ಗೇರಿನ ಹಲ್ಲು ಮುಳುಗಿ, ತಿರುಗುವಾಗ ಅದನ್ನು ಮೇಲಕ್ಕೆ ಎರಚುತ್ತದೆ, ಬೇರಿಂಗುಗಳು ಆ ಎರಚಲಿನಲ್ಲೇ ಬದುಕುತ್ತವೆ. ಗಾಡಿ ಮೂತಿ ಎತ್ತಿ ಏರು ಹತ್ತುವಾಗ ಎಣ್ಣೆಯೆಲ್ಲ ಹಿಂದಕ್ಕೆ ಸರಿಯುತ್ತದೆ. ಮಟ್ಟ ಮೊದಲೇ ಕಮ್ಮಿ ಇದ್ದರೆ ಮುಂದಿನ ಬೇರಿಂಗಿಗೆ ಏನೂ ಸಿಗದು. ಅದೂ ಲೋಡ್ ಹೊತ್ತು ಫಸ್ಟ್, ಸೆಕೆಂಡ್ ಗೇರಿನಲ್ಲಿ ಒದ್ದಾಡುವ ಹೊತ್ತಿನಲ್ಲಿ. ಇಳಿಜಾರಿನಲ್ಲಿ ಎಣ್ಣೆ ಮುಂದಕ್ಕೆ ಬರುತ್ತದೆ, ಆಗ ಹಿಂದಿನದಕ್ಕೆ ಅದೇ ಗತಿ.

ಹಾಗಾಗಿ ನಮ್ಮಂಥ ಜಾಗದಲ್ಲಿ "ಇನ್ನೂ ಒಂದು ಲೀಟರ್ ಇದೆಯಲ್ಲ" ಅನ್ನೋ ಸಮಾಧಾನ ಬೇಡ. ಸೋರುತ್ತಿರುವ ಗಾಡಿಗೆ ಮಟ್ಟ ಯಾವಾಗಲೂ ತೂತಿನ ಅಂಚಿನಲ್ಲೇ ಇರಲಿ.

ಈ ಜಾಗಗಳಲ್ಲಿ ಸೋರಿದರೆ ಇವತ್ತೇ ನಿಲ್ಲಿಸಿ

ಒಂದು, ಹಿಂದಿನ ಚಕ್ರದ ಒಳಬದಿ. ಹಿಂದಿನ ಹೌಸಿಂಗಿನ ತುದಿಯ ಸೀಲು ಹೋದರೆ ಕ್ರೌನ್ ಆಯಿಲ್ ನೇರ ಬ್ರೇಕ್ ಡ್ರಮ್ಮಿಗೆ ಇಳಿಯುತ್ತದೆ. ಟೈರಿನ ಒಳಮೈ ಒದ್ದೆಯಾಗಿ ಮಣ್ಣು ಮೆತ್ತಿಕೊಂಡಿರುತ್ತದೆ, ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ಒರೆಸಿ, ಉಜ್ಜಿ ಮತ್ತೆ ಹಾಕಿಸಬೇಡಿ. ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಹೊರಗೆ ಬರುತ್ತದೆ. ಹೊಸದೇ ಆಗಬೇಕು.

ಎರಡು, ಹಳೇ ವಿಲ್ಲೀಸ್ ಮಾದರಿಯ ಜೀಪುಗಳ ಟ್ರಾನ್ಸ್‌ಫರ್ ಕೇಸಿನ ಹಿಂದಿನ ಸೀಲು. ಇಂಥ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಚಕ್ರದಲ್ಲಿ ಇರುವುದಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ, ಜಾಯಿಂಟ್ ಶುರುವಾಗುವ ಜಾಗದಲ್ಲಿ ಸಣ್ಣ ಡ್ರಮ್ಮಿನಲ್ಲಿರುತ್ತದೆ. ಅಲ್ಲಿ ಸೀಲು ಸೋರಿದರೆ ಹ್ಯಾಂಡ್‌ಬ್ರೇಕಿಗೆ ಎಣ್ಣೆ ಸ್ನಾನ. ತೋಟದ ಇಳಿಜಾರಿನಲ್ಲಿ ಹಣ್ಣು ತುಂಬೋಕೆ ನಿಲ್ಲಿಸಿದ ಜೀಪು, ಹಿಂದೆ ಚೀಲ ಎತ್ತುತ್ತಿರುವ ಹೆಂಗಸರು. ಲಿವರ್ ಪೂರ್ತಿ ಎಳೆದಿದ್ದರೂ ಗಾಡಿ ಜಾರಬಹುದು.

ಮೂರು, ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಜಾಗ. ಅಲ್ಲಿಂದ ಹನಿಯುತ್ತಿದ್ದರೆ ಗೇರ್‌ಬಾಕ್ಸಿನ ಮುಂದಿನ ಸೀಲೋ ಎಂಜಿನ್ನಿನ ಹಿಂದಿನ ಸೀಲೋ ಹೋಗಿದೆ. ಯಾವುದು ಅಂತ ವಾಸನೆ ಹೇಳುತ್ತದೆ. ಎರಡರಲ್ಲೂ ಎಣ್ಣೆ ಕ್ಲಚ್ ಪ್ಲೇಟಿಗೆ ತಾಗಬಹುದು. ಏರಿನಲ್ಲಿ ಎಂಜಿನ್ ಸದ್ದು ಏರಿದರೂ ಗಾಡಿ ಮುಂದಕ್ಕೆ ಹೋಗದಿದ್ದರೆ ತಾಗಿಯಾಗಿದೆ ಅಂತಲೇ ಅರ್ಥ. ತುಂಬಿದ ಗಾಡಿ ಏರಿನ ನಡುವೆ ಹೀಗೆ ನಿಂತರೆ ಮುಂದಕ್ಕೂ ಇಲ್ಲ, ಹಿಂದಕ್ಕೆ ಬಿಡೋಕೂ ಧೈರ್ಯ ಇಲ್ಲ.

ನಮ್ಮ ಜೀಪಿನ ಲೆಕ್ಕ

ಕಳೆದ ಕೊಯ್ಲಿನಲ್ಲಿ ನಮ್ಮ ಜೀಪಿನ ಟ್ರಾನ್ಸ್‌ಫರ್ ಕೇಸಿನ ಹಿಂದೆ ಜಿನುಗು ಕಾಣಿಸಿತು. ಇದು ಸ್ವಲ್ಪ ಈಚಿನ ಗಾಡಿ, ಹ್ಯಾಂಡ್‌ಬ್ರೇಕ್ ಹಿಂದಿನ ಚಕ್ರಗಳಲ್ಲೇ ಇರೋದು, ಹಾಗಾಗಿ ಆ ಅಪಾಯ ಇರಲಿಲ್ಲ. ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಮಟ್ಟ ನೋಡುವುದು ಅಂತ ಗೊತ್ತು ಮಾಡಿಕೊಂಡೆ. ಮೊದಲ ವಾರ ಹಿಡಿದದ್ದು 80 ಮಿಲಿ. ಎರಡನೇ ವಾರ 90. ಮೂರನೇ ವಾರ 220.

ಓಡಿಸಿದ ದೂರ ಮೂರು ವಾರವೂ ಹೆಚ್ಚುಕಡಿಮೆ ಒಂದೇ, ತೋಟದೊಳಗಿನ ಓಡಾಟ ಮತ್ತು ಚಿಕ್ಕಮಗಳೂರಿಗೆ ಎರಡು ಸಲ. ದೂರ ಅಷ್ಟೇ ಇದ್ದು ಸೋರಿಕೆ ಎರಡು ಪಟ್ಟು ದಾಟಿತು ಅಂದರೆ ಏನೋ ಬೇರೆಯೇ ಕೆಡುತ್ತಿದೆ. ಸೋಮವಾರವೇ ಮೆಕ್ಯಾನಿಕ್ಕಿಗೆ ಫೋಟೊ, ಅಂಕಿ ಕಳಿಸಿದೆ. ಅವರ ಮೊದಲ ಪ್ರಶ್ನೆ ಸೀಲಿನದ್ದಲ್ಲ.

"ಜಾಯಿಂಟ್ ಕೈಯಲ್ಲಿ ಅಲ್ಲಾಡ್ಸಿ ನೋಡಿದ್ರಾ ಗೌಡ್ರೇ?"

"ಇಲ್ಲಣ್ಣ, ಹೇಗೆ ನೋಡೋದು?"

"ಚಕ್ರಕ್ಕೆ ಕಲ್ಲು ಕೊಟ್ಟು ಗೇರ್ ನ್ಯೂಟ್ರಲ್ ಮಾಡಿ. ಜಾಯಿಂಟ್ ಮೇಲೆ ಕೆಳಗೆ ಎತ್ತಿ ನೋಡಿ, ಟಕ್ ಟಕ್ ಅಂದ್ರೆ ಕ್ರಾಸ್ ಹೋಗಿದೆ ಅಂತ. ಅದು ಇರೋ ತನಕ ನಾನು ಎಷ್ಟು ಸೀಲ್ ಹಾಕಿದ್ರೂ ನಿಲ್ಲಲ್ಲ."

ಅಲ್ಲಾಡಿಸಿದರೆ ಟಕ್ ಅಂದಿತು. ಸವೆದ ಕ್ರಾಸಿನಿಂದ ಜಾಯಿಂಟ್ ನಡುಗಿ, ಆ ನಡುಕ ಸೀಲಿನ ರಬ್ಬರ್ ತುಟಿಯನ್ನು ತಿನ್ನುತ್ತಿತ್ತು. ಬಿಚ್ಚಿದಾಗ ಬ್ರೀದರ್ ತೂತಿನಲ್ಲೂ ಮಳೆಗಾಲದ ಕೆಸರು ಗಟ್ಟಿಯಾಗಿ ಕೂತಿತ್ತು. ಕ್ರಾಸ್, ಸೀಲು ಎರಡೂ ಹಾಕಿ, ಬ್ರೀದರ್ ತೆರೆದು, ಒಂದೂವರೆ ದಿನದಲ್ಲಿ ಗಾಡಿ ಮನೆಗೆ ಬಂತು. ಆ ಒಂದೂವರೆ ದಿನ ಪಕ್ಕದ ತೋಟದವರ ಪಿಕಪ್ಪಿನಲ್ಲಿ ಹಣ್ಣು ಸಾಗಿಸಿದೆವು. ಮೊದಲೇ ಗೊತ್ತಿದ್ದರಿಂದ ಅವರನ್ನು ಕೇಳಿ ದಿನ ಗೊತ್ತು ಮಾಡಿಕೊಳ್ಳೋಕೆ ಆಯಿತು. ನಡುದಾರಿಯಲ್ಲಿ ಗಾಡಿ ನಿಂತಿದ್ದರೆ ಅವತ್ತಿನ ಹಣ್ಣು ಚೀಲದಲ್ಲೇ ಬಿಸಿಯಾಗಿ ಹುಳಿತು ಹೋಗುತ್ತಿತ್ತು.

ಸೀಲು ಹಾಕಿಸುವ ಮುಂಚೆ ಕೇಳಬೇಕಾದ್ದು

ಸೀಲಿಗೆ ದುಡ್ಡು ಕಮ್ಮಿ, ಬಿಚ್ಚಿ ಕೂರಿಸುವ ಕೂಲಿಯೇ ಹೆಚ್ಚು. ಎರಡು ಸಲ ಬಿಚ್ಚಿಸಬಾರದು ಅಂದರೆ ಇವಿಷ್ಟನ್ನು ಒಂದೇ ಸಲ ನೋಡಿಸಿ.

ಬ್ರೀದರ್: ಗೇರ್‌ಬಾಕ್ಸ್, ಕ್ರೌನ್ ಮೇಲೆ ಗಾಳಿ ಆಡೋಕೆ ಸಣ್ಣ ತೂತು ಇರುತ್ತದೆ. ಎಣ್ಣೆ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗುತ್ತದೆ. ಬ್ರೀದರ್ ಮುಚ್ಚಿದ್ದರೆ ಆ ಒತ್ತಡ ಒಳ್ಳೇ ಸೀಲಿನಿಂದಲೂ ಎಣ್ಣೆ ತಳ್ಳುತ್ತದೆ. ಎಷ್ಟೋ ಸಲ ಇದನ್ನು ತೆರೆದರೇ ಸೋರಿಕೆ ನಿಲ್ಲುತ್ತದೆ, ಖರ್ಚಿಲ್ಲದ ಕೆಲಸ.

ಮಟ್ಟ: ಅಗತ್ಯಕ್ಕಿಂತ ಜಾಸ್ತಿ ತುಂಬಿದ್ದರೂ ಸೋರುತ್ತದೆ.

ಬೇರಿಂಗ್: ಶಾಫ್ಟ್ ಅಲ್ಲಾಡುತ್ತಿದ್ದರೆ ಯಾವ ಸೀಲೂ ಹಿಡಿಯಲ್ಲ.

ಶಾಫ್ಟಿನ ಮೈ: ಹಳೇ ಸೀಲು ಕೂತ ಜಾಗದಲ್ಲಿ ಉಗುರಿಗೆ ಸಿಗುವಷ್ಟು ಗೆರೆ ಬಿದ್ದಿದ್ದರೆ ಹೊಸ ಸೀಲು ಅದೇ ಗೆರೆಯ ಮೇಲೆ ಕೂರಬಾರದು. ಸ್ವಲ್ಪ ಸರಿಸಿ ಕೂರಿಸೋಕೆ ಜಾಗ ಇದೆಯಾ ಅಂತ ಕೇಳಿ.

ಹಳೇ ಸೀಲಿನ ಫೋಟೊ: ಅದರ ಮೇಲೆ ಒಳ ಅಳತೆ, ಹೊರ ಅಳತೆ, ದಪ್ಪ ಮಿಲಿಮೀಟರ್‌ನಲ್ಲಿ ಬರೆದಿರುತ್ತದೆ. ಫೋನಿನಲ್ಲಿ ಇಟ್ಟುಕೊಂಡರೆ ಮುಂದಿನ ಸಲ ಅಂಗಡಿಯಲ್ಲಿ ಗೊಂದಲ ಇರಲ್ಲ.

ಇವನ್ನು ಮಾತ್ರ ಮಾಡ್ಬೇಡಿ

ಸೋರಿಕೆ ನಿಲ್ಲಲಿ ಅಂತ ಗೇರ್‌ಬಾಕ್ಸಿಗೆ ಗ್ರೀಸ್ ತುಂಬಬೇಡಿ. ಗೇರಿನ ಹಲ್ಲು ಗ್ರೀಸನ್ನು ಒಮ್ಮೆ ಬದಿಗೆ ತಳ್ಳಿದರೆ ಅದು ಎಣ್ಣೆಯ ಹಾಗೆ ಹರಿದು ವಾಪಸ್ ಬರಲ್ಲ, ಬೇರಿಂಗ್ ಒಣಗುತ್ತದೆ. ಹಳೇ ಎಂಜಿನ್ ಆಯಿಲ್ ಸುರಿಯಬೇಡಿ. ನಟ್ಟು ಸೋರುತ್ತಿದ್ದರೆ ಬಲ ಹಾಕಿ ತಿರುಚಬೇಡಿ, ಅಲ್ಯುಮಿನಿಯಂ ಬಾಡಿಯಾದರೆ ತಿರುಪೇ ಕಿತ್ತು ಬರುತ್ತದೆ. ವಾಷರ್ ಬದಲಿಸಿದರೆ ಸಾಕಾಗಬಹುದು.

ಗೇರ್ ಕೂಗುತ್ತಿದೆ, ತಾನಾಗೇ ಕಳಚುತ್ತಿದೆ ಅಂತ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಬಿಡುವವರಿದ್ದಾರೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ ಹಾಗೆ ಮಾಡಿದರೆ ಎಂಜಿನ್ನಿನ ಹಿಡಿತ ಇರಲ್ಲ, ಗಾಡಿಯ ಭಾರವೆಲ್ಲ ಬ್ರೇಕಿನ ಮೇಲೆ, ಬ್ರೇಕ್ ಕಾದರೆ ಹಿಡಿಯಲ್ಲ. ಗೇರ್ ನಿಲ್ಲದ ಗಾಡಿಯನ್ನು ಘಾಟಿಗೆ ಇಳಿಸಲೇಬಾರದು.

ಹಳ್ಳ ದಾಟುವವರು, ತೊಳೆಯೋಕೆ ಪ್ರೆಷರ್ ಪಂಪ್ ಬಳಸುವವರು ಇನ್ನೊಂದು ನೆನಪಿಡಿ. ಬಿಸಿ ಕ್ರೌನ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿನಿಂದ ನೀರು ಎಳೆದುಕೊಳ್ಳುತ್ತದೆ. ಸೋರುವ ದಾರಿಯೇ ನೀರು ಒಳಗೆ ಬರುವ ದಾರಿ. ಫಿಲ್ಲರ್ ತೆಗೆದಾಗ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕಿದ್ದರೆ ಮೇಲಿಂದ ತುಂಬಿ ಪ್ರಯೋಜನವಿಲ್ಲ, ಪೂರ್ತಿ ಬದಲಿಸಿ.

ಆಟೊಮ್ಯಾಟಿಕ್ ಕಾರು, ಟ್ರ್ಯಾಕ್ಟರ್ ಇದ್ದವರಿಗೆ

ಈಚೆಗೆ ಮನೆಗೊಂದು ಆಟೊಮ್ಯಾಟಿಕ್ ಕಾರು ಬರುತ್ತಿದೆ. ಮೇಲಿನ ರಿಯಾಯಿತಿ ಅದಕ್ಕಿಲ್ಲ. ಅಲ್ಲಿ ಎಣ್ಣೆ ಬರೀ ನುಣುಪಿಗಲ್ಲ, ಅದರ ಒತ್ತಡದಿಂದಲೇ ಗೇರ್ ಹಿಡಿಯುತ್ತದೆ. ಕಮ್ಮಿಯಾದರೆ ಪಂಪು ಗಾಳಿ ಎಳೆಯುತ್ತದೆ, ಒಳಗಿನ ಕ್ಲಚ್ಚುಗಳು ಜಾರಿ ಸುಟ್ಟುಹೋಗುತ್ತವೆ. ಗೇರ್ ಹಾಕಿದ ಮೇಲೆ ಕಾರು ತಡವಾಗಿ ಹೊರಟರೆ, ಏರಿನಲ್ಲಿ ಜಾರಿದರೆ, ಸುಟ್ಟ ವಾಸನೆ ಬಂದರೆ ಅಲ್ಲೇ ನಿಲ್ಲಿಸಿ. ಮುಂದಿನ ಚಕ್ರ ಓಡಿಸುವ ಕಾರಾದರೆ ಹಗ್ಗ ಕಟ್ಟಿ ಎಳೆಸಬೇಡಿ, ಮುಂದಿನ ಚಕ್ರ ಎತ್ತಿಯೇ ಸಾಗಿಸಬೇಕು. ಸಿವಿಟಿ ಕಾರಿಗೆ ಅದರದ್ದೇ ಎಣ್ಣೆ. ಎಎಂಟಿ ಕಾರಿನ ಒಳಗಿರುವುದು ಮಾತ್ರ ಮ್ಯಾನ್ಯುಯಲ್ ಥರದ ಗೇರ್‌ಬಾಕ್ಸೇ.

ಟ್ರ್ಯಾಕ್ಟರಿನಲ್ಲಿ ಗೇರ್ ಆಯಿಲ್ ಹತ್ತಾರು ಲೀಟರ್ ಇರುತ್ತದೆ, ಸಣ್ಣ ಸೋರಿಕೆ ಬೇಗ ಗೊತ್ತಾಗುವುದಿಲ್ಲ. ಎಷ್ಟೋ ಮಾದರಿಗಳಲ್ಲಿ ಗೇರು, ಹೈಡ್ರಾಲಿಕ್ ಲಿಫ್ಟು, ಎಣ್ಣೆಯಲ್ಲಿ ಮುಳುಗಿದ ಬ್ರೇಕು ಮೂರಕ್ಕೂ ಒಂದೇ ಎಣ್ಣೆ. ಲಿಫ್ಟ್ ತಡವರಿಸಿದರೆ, ಸದ್ದು ಮಾಡಿದರೆ ಕಡ್ಡಿ ಎಳೆದು ಮಟ್ಟ ನೋಡಿ. ಟ್ರೇಲರ್ ಕಟ್ಟಿ ಇಳಿಜಾರಿಗೆ ಹೋಗುವ ಮುಂಚೆ ನೋಡುವುದು ರೂಢಿಯಾಗಲಿ.

ಕಣದ ಹತ್ತಿರ ನಿಲ್ಲಿಸಬೇಡಿ

ಕಾಫಿ ಬೀಜ ಪಕ್ಕದ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ಗೇರ್ ಆಯಿಲಿನ ಗಂಧಕದ ವಾಸನೆ ಕಣಕ್ಕೋ ಚೀಲಕ್ಕೋ ಹತ್ತಿದರೆ ಒಂದು ವರ್ಷದ ಪಾರ್ಚ್‌ಮೆಂಟ್ ಲಾಟಿಗೇ ಕೆಟ್ಟ ಹೆಸರು. ಸೋರುವ ಗಾಡಿಯನ್ನು ಕಣದಿಂದ, ಪಲ್ಪರ್ ಮನೆಯಿಂದ, ಬಾವಿಯಿಂದ ದೂರ, ರಟ್ಟೋ ಟ್ರೇಯೋ ಇಟ್ಟು ನಿಲ್ಲಿಸಿ. ಬಿದ್ದ ಎಣ್ಣೆಗೆ ಮರದ ಹೊಟ್ಟು ಹಾಕಿ ಎತ್ತಿ. ತೆಗೆದ ಎಣ್ಣೆಯನ್ನು ಕ್ಯಾನಿನಲ್ಲಿ ತುಂಬಿ ಗ್ಯಾರೇಜಿಗೆ ವಾಪಸ್ ಕೊಡಿ. ಬಳಸಿದ ಎಣ್ಣೆ 2016ರ ಕೇಂದ್ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ನಮ್ಮ ಚರಂಡಿಗೆ ಸುರಿದದ್ದು ಹಳ್ಳ ಸೇರಿ, ಹೇಮಾವತಿಗೋ ಭದ್ರೆಗೋ ಹೋಗುತ್ತದೆ.

ಫೋನಿನಲ್ಲಿ ಉಳಿಸಿಕೊಳ್ಳಿ

ವಾರಕ್ಕೆ 100 ಮಿಲಿ ಒಳಗೆ, ವಾರದಿಂದ ವಾರಕ್ಕೆ ಏರದೆ, ಬ್ರೇಕು–ಕ್ಲಚ್ಚಿಗೆ ತಾಗದೆ ಇದ್ದರೆ: ತುಂಬಿಸುತ್ತಾ ಓಡಿಸಿ, ಬಿಡುವಿನ ದಿನ ಗೊತ್ತು ಮಾಡಿ ರಿಪೇರಿ ಮಾಡಿಸಿ. ಇದು ಎರಡು ಲೀಟರಿನ ಗೇರ್‌ಬಾಕ್ಸಿಗೆ ನಾನು ಹಾಕಿಕೊಂಡ ಗೆರೆ.

ಅಳತೆ ಒಂದೇ ವಾರದಲ್ಲಿ ಎರಡು ಪಟ್ಟಾದರೆ: ಆ ವಾರವೇ ಗ್ಯಾರೇಜಿಗೆ.

ಗೇರ್ ಕೂಗಿದರೆ, ಗಟ್ಟಿಯಾದರೆ, ಕಳಚಿದರೆ, ಗೇರ್‌ಬಾಕ್ಸ್ ಕೈ ಇಡಲಾಗದಷ್ಟು ಕಾದರೆ, ಎಣ್ಣೆಯಲ್ಲಿ ಲೋಹದ ಚೂರು ಕಂಡರೆ: ಓಡಿಸಬೇಡಿ, ಮೆಕ್ಯಾನಿಕ್ಕನ್ನು ಅಲ್ಲಿಗೇ ಕರೆಸಿ.

ಬ್ರೇಕ್, ಹ್ಯಾಂಡ್‌ಬ್ರೇಕ್, ಕ್ಲಚ್ ಹತ್ತಿರ ಎಣ್ಣೆ ಕಂಡರೆ: ಅವತ್ತೇ ನಿಲ್ಲಿಸಿ. ಹಣ್ಣು ಒಂದು ದಿನ ಗಿಡದಲ್ಲೇ ಇರಲಿ, ಗಾಡಿಯಲ್ಲಿ ಕೂತು ಬರುವವರು ನಮ್ಮನ್ನು ನಂಬಿ ಹತ್ತಿರುತ್ತಾರೆ.

ಈ ಭಾನುವಾರ ಹತ್ತು ನಿಮಿಷ ಬಿಡುವು ಮಾಡಿಕೊಂಡು ನಿಮ್ಮ ಗಾಡಿಯ ಫಿಲ್ಲರ್ ನಟ್ಟು ಎಲ್ಲಿದೆ ಅಂತ ಹುಡುಕಿ, ಬಿಚ್ಚಿ ನೋಡಿ. ಸೋರಿಕೆ ಇಲ್ಲದವರೂ ನೋಡಿ.